ಹರಕೆಗೆ ಕಡಿಮೆ ಬಿದ್ದ ಹದಿಮೂರು ಕಿಲೋ

"ದೇವರ ಬೆಲ್ಲ ನುಂಗಾಕ ಹೊಂಟೀರಿ ನೀವು! ಒಂದೀಟರ ನಾಚಿಕಿ ಬ್ಯಾಡೇನ್ರಿ?"

"ಏ, ಸುಮ್ಮ ಕುಂದರ್ತೀಯೋ ಇಲ್ಲೋ? ಒಂದ್ ರೊಟ್ಟಿ ಬ್ಯಾಡ ಅಂದ್ರ ದೇವರ ಬೆಲ್ಲ ಎಲ್ಲಿಂದ ಬಂತು?"

"ಅದು ರೊಟ್ಟಿ ಅಲ್ರಿ, ಹರಕಿ! ನಿಮ್ಮ ಮೈಮ್ಯಾಲಿಂದು ಎಲ್ಲಾ ಗದ್ದಿಗಿ ಅಜ್ಜಂದು. ಅವನ ಆಸ್ತಿ ಕರಗಸಾಕ ನೀವ್ಯಾರು?"

ಮದುವೆಯಾಗಿ ಇಪ್ಪತ್ತಾರು ವರ್ಷದ ಮೇಲೆ ನನ್ನ ಹೊಟ್ಟೆ ನನ್ನದಲ್ಲ ಎಂಬ ಸುದ್ದಿ ನನಗೆ ಹೆಂಡತಿಯ ಬಾಯಿಂದ ಹೀಗೆ ತಿಳಿಯಿತು. ಎದುರು ಮನೆಯ ರಾಜಬಿ ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದಳು. ಹಳೇ ಹುಬ್ಬಳ್ಳಿಯ ನಮ್ಮ ಓಣಿ ಎಷ್ಟು ಸಣ್ಣದೆಂದರೆ ನಮ್ಮ ಮನೆಯ ಒಗ್ಗರಣೆಗೆ ಅವರ ಮನೆಯವರು ಸೀನುತ್ತಾರೆ. ಜಗಳವಂತೂ ಎರಡೂ ಮನೆಗೆ ಸಮಪಾಲು.

ನಾನು ಫಕೀರಪ್ಪ. ಹಿಂಡಿ-ಬೂಸಾದ ಅಂಗಡಿ ನನ್ನದು. ದನಗಳ ಹೊಟ್ಟೆ ತುಂಬಿಸುವುದು ಕಸುಬಾದ್ದರಿಂದ ಮನುಷ್ಯರ ಹೊಟ್ಟೆಯ ಬಗ್ಗೆ ನಾನು ಬಹಳ ವಿಚಾರ ಮಾಡಿದವನಲ್ಲ. ಇಷ್ಟು ದಿನ ಉಂಡೆ, ಉಂಡದ್ದು ಮೈಗೆ ಹತ್ತಿತು, ಜನ ಗೌರವ ಕೊಟ್ಟರು. ನಮ್ಮ ಕಡೆ ಸಣಕಲನಿಗೆ ಯಾರೂ ಸಾಲ-ಉದ್ರಿ ಕೊಡುವುದಿಲ್ಲ. ಹೊಟ್ಟೆ ಇದ್ದವನು ಬಂದರೆ ಕುರ್ಚಿ ಒರೆಸುತ್ತಾರೆ.

ಹರಕೆಯ ಕಥೆ ಇಷ್ಟು. ಎರಡು ಸಾವಿರದ ಆರರ ಮಳೆಗಾಲದಲ್ಲಿ ಊರಿಗೆ ಊರೇ ಚಿಕೂನ್‌ಗುನ್ಯಾ ಬಂದು ಮಲಗಿತ್ತಲ್ಲ, ಆಗ ನಾನೂ ಮಲಗಿದೆ. ಜ್ವರ ತಲೆಗೇರಿ ಬಡಬಡಿಸಿದೆನಂತೆ. ನನ್ನ ಹೆಂಡತಿ ಕಾಳವ್ವ ಗಾಬರಿಯಾಗಿ, ಕುಂದಗೋಳದ ಕಡೆ ಇರುವ ತನ್ನ ತವರೂರಿನಲ್ಲಿ ಸಮಾಧಿಯಾದ ಗದ್ದಿಗಿ ಅಜ್ಜನಿಗೆ ಕೈಮುಗಿದು, "ಇವರು ಎದ್ದು ಕುಂತ್ರ ಇವರ ತೂಕದಷ್ಟು ಬೆಲ್ಲ ತುಲಾಭಾರ ಮಾಡ್ಸತೀನಿ" ಎಂದು ಬೇಡಿಕೊಂಡಳು. ನಾನು ಎದ್ದು ಕುಳಿತೆ. ಅಜ್ಜ ತನ್ನ ಕೆಲಸ ಮಾಡಿದ. ಮುಂದಿನ ವರ್ಷದ ಶ್ರಾವಣ ಸೋಮವಾರಕ್ಕೆ ತುಲಾಭಾರ ಎಂದು ನಿಗದಿಯಾಯಿತು. ಇಲ್ಲಿಯ ತನಕ ಯಾರ ತಪ್ಪೂ ಇಲ್ಲ.

ತಪ್ಪು ಮಾಡಿದ್ದು ಸಂಕ್ರಾಂತಿ ಮುಗಿದ ಮೇಲೆ ಓಣಿಯ ಸಾಲೆಯಲ್ಲಿ ನಡೆದ ಪುಗಸಟ್ಟೆ ತಪಾಸಣೆ. ಪುಗಸಟ್ಟೆ ಎಂದರೆ ನಾವು ವಿಷಕ್ಕೂ ಸಾಲು ಹಚ್ಚುವವರು. ನಾನೂ ತಲೆಗೆ ಪಟಕಾ ಸುತ್ತಿಕೊಂಡು ಹೋಗಿ ನಿಂತೆ. ಶಮೀಮ ಎಂಬ ನರ್ಸಬಾಯಿ ಗೋಡೆಗೆ ಅಳತೆಪಟ್ಟಿ ಅಂಟಿಸಿಕೊಂಡು ನಿಂತಿದ್ದಳು.

"ಕಾಕಾ, ಪಟಕಾ ತಗೀರಿ. ಎತ್ತರ ನೋಡ್ಬೇಕು."

"ಪಟಕಾ ತಗ್ಯಾಕ ಇಲ್ಲಿ ಯಾರರ ಸತ್ತಾರೇನವಾ?"

"ಯಾರೂ ಸತ್ತಿಲ್ರಿ. ಅಳತಿ ತಪ್ಪತೈತಿ."

"ನಾ ಹುಟ್ಟಿದಾಗಿಂದ ಇಷ್ಟ ಎತ್ತರ ಅದೀನಿ. ಹಂಗ ಅಳಿ."

ಒಳಗಿನ ಮೇಜಿನಿಂದ ಡಾಕ್ಟರ್ ಕೂಗಿದಳು. ಡಾಕ್ಟರ್ ಭಾಗ್ಯಶ್ರೀ, ನನ್ನ ಮಗಳ ವಯಸ್ಸಿನವಳು, ನನ್ನ ಅವ್ವನ ಜಬರದಸ್ತು. "ಯಜಮಾನ್ರ, ಪಟಕಾ ಸುದ್ದಾ ಅಳದ್ರ ಪಟಕಾದ ಆರೋಗ್ಯ ತಿಳೀತೈತಿ, ನಿಮ್ಮದಲ್ಲ. ತಗೀರಿ."

ಗೋಡೆಯ ಕಡೆ ಮುಖ ಮಾಡಿ ಪಟಕಾ ತೆಗೆದೆ. ಒಂದು ಗೇಣು ಎತ್ತರ ಸಾರ್ವಜನಿಕವಾಗಿ ಕಳೆದುಕೊಂಡೆ. ಉಳಿದದ್ದು ಒಂದು ಮೀಟರು ಅರವತ್ತೆಂಟು. ತೂಕ ತೊಂಬತ್ತಾರು ಕಿಲೋ. ಡಾಕ್ಟರ್ ಲೆಕ್ಕ ಹಾಕಿದಳು. ಅದಕ್ಕೆ ಬಿ.ಎಂ.ಐ. ಎನ್ನುತ್ತಾರಂತೆ. ಲೆಕ್ಕ ಕಠಿಣವಲ್ಲ, ಹಳ್ಳಿಯ ಸಾಲೆಯಲ್ಲಿ ಏಳನೇ ಇಯತ್ತೆ ಕಲಿತ ನನಗೇ ತಿಳಿಯಿತು. ಕಿಲೋದ ತೂಕವನ್ನು ಮೀಟರಿನ ಎತ್ತರದಿಂದ ಒಮ್ಮೆ ಭಾಗಿಸು. ಬಂದದ್ದನ್ನು ಅದೇ ಎತ್ತರದಿಂದ ಇನ್ನೊಮ್ಮೆ ಭಾಗಿಸು. ನನ್ನದು ಮೂವತ್ನಾಲ್ಕು ಬಂತು. ಸಾಲೆಯಲ್ಲಿ ಮೂವತ್ತೈದಕ್ಕೆ ಪಾಸು ಮಾಡುತ್ತಿದ್ದರು. ಒಂದು ಅಂಕಕ್ಕೆ ಹೋಯಿತಲ್ಲ ಎಂದು ನಾನು ಹಳಹಳಿಸಿದರೆ ಅವಳು ತಲೆ ಹಿಡಿದುಕೊಂಡಳು.

"ಇಲ್ಲಿ ಕಡಿಮಿ ಬಂದವ್ರ ಪಾಸ್ರೀ. ಹದಿನೆಂಟೂವರಿ ಮ್ಯಾಲಿರಬೇಕು, ಇಪ್ಪತ್ತೈದರ ಒಳಗಿರಬೇಕು. ನಮ್ಮ ದೇಶದವ್ರು ಇಪ್ಪತ್ಮೂರಕ್ಕ ಹುಷಾರಾಗಬೇಕು."

"ಅದ್ಯಾಕವಾ? ಹೊರದೇಶದವ್ರ ಮಾಲಿಗೆ ಒಂದು ಧಾರಣಿ, ನಮ್ಮ ಮಾಲಿಗೆ ಒಂದು ಧಾರಣಿ?"

"ನಮ್ಮವ್ರಿಗೆ ತೂಕ ಕಡಿಮಿ ಇದ್ರೂ ಹೊಟ್ಟಿ ಸುತ್ತ ಕೊಬ್ಬು ಕೂಡತೈತ್ರಿ. ಸಕ್ಕರಿ ಬೇನಿ ಲಗೂ ಬರತೈತಿ."

ನಾನು ವ್ಯಾಪಾರಸ್ಥ. ಸುಮ್ಮನೆ ಒಪ್ಪುವವನಲ್ಲ. "ನೋಡವಾ, ನಮ್ಮ ಅಂಗಡ್ಯಾಗ ಬೂಸಾ ತೂಗಿದ್ರ ಚೀಲದ ತೂಕ ಕಳೀತೀವಿ. ನೀ ನನ್ನ ಎಲುಬಿನ ತೂಕ ಕಳಿ. ನಮ್ಮ ಮನಿತನದ ಎಲುಬು ಮೊದಲ ದಪ್ಪ."

"ಎಲುಬು ಎಲ್ಲಾರಿಗೂ ಅದಾವ್ರಿ. ಅದನ್ನೆಲ್ಲಾ ಹಿಡದ ಈ ಲೆಕ್ಕ ಮಾಡ್ಯಾರ."

ಹಿಂದೆ ನಿಂತಿದ್ದ ಹಮಾಲನೊಬ್ಬನಿಗೆ ಇಪ್ಪತ್ತೇಳು ಬಂತು. ಅವನಿಗೆ ಬೈಯುತ್ತಾಳೆಂದು ಆಸೆಯಿಂದ ಕಾದೆ. ಅವಳು ಅವನ ಹೊಟ್ಟೆಗೆ ಟೇಪು ಸುತ್ತಿ, ರಟ್ಟೆ ನೋಡಿ, "ಇದು ದುಡದು ಕಟ್ಟಿದ ಮೈ, ನಿನ್ನ ಮಟ್ಟಿಗೆ ಈ ನಂಬರಿಗೆ ಬಹಳ ಕಿಮ್ಮತ್ತಿಲ್ಲ, ಹೋಗು" ಎಂದು ಬಿಟ್ಟೇಬಿಟ್ಟಳು! ಅವನ ಮುಂದೆ ನಿಂತಿದ್ದ ಬಟ್ಟೆ ಹೊಲಿಯುವ ಸಣಕಲ ಸಿಂಪಿಗನಿಗೆ ಹದಿನೇಳು ಬಂದದ್ದಕ್ಕೆ "ಉಣ್ಣು, ಉಣ್ಣು" ಎಂದು ಬೈದಳು. ನನಗೆ "ಉಣಬ್ಯಾಡ" ಎಂದು ಬೈದಳು. ಒಂದೇ ಸಾಲಿನಲ್ಲಿ ಮೂರು ನ್ಯಾಯ. ನನ್ನ ಹೊಟ್ಟೆಗೂ ಟೇಪು ಬಂತು. ತೊಂಬತ್ತು ಸೆಂಟಿಮೀಟರಿನ ಮೇಲೆ ಗಂಡಸಿಗೆ ಅಪಾಯವಂತೆ, ನಾನು ಅಪಾಯವನ್ನು ದಾಟಿ ಬಹಳ ದೂರ ಹೋಗಿದ್ದೆ. ರಕ್ತದೊತ್ತಡ ಏರಿತ್ತು. ಸಕ್ಕರೆ ಗಡಿಯ ಮೇಲೆ ಕುಳಿತಿತ್ತು.

"ಯಜಮಾನ್ರ, ಹಿಂಗ ಬಿಟ್ರ ಎದಿಗೆ ಬರತೈತಿ. ಉಪಾಸ ಬ್ಯಾಡ, ಅವಸರ ಬ್ಯಾಡ. ಆರು ತಿಂಗಳದಾಗ ಹತ್ತು ಕಿಲೋ ಇಳಸ್ರಿ. ಅಡ್ಡಾಡ್ರಿ."

ನಮ್ಮಪ್ಪ ಊಟಕ್ಕೆ ಕುಳಿತವನು ಎದೆ ಹಿಡಿದುಕೊಂಡು ತಾಟಿನ ಮೇಲೆಯೇ ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಹಾಗಾಗಿ ಬೈದುಕೊಳ್ಳುತ್ತಲೇ ಇಳಿಸತೊಡಗಿದೆ.

ಹುಬ್ಬಳ್ಳಿಯಲ್ಲಿ ಕೆಲಸವಿಲ್ಲದೆ ನಡೆಯುವುದು ಎಷ್ಟು ಕಷ್ಟ ಎಂಬುದು ನಡೆದವನಿಗೇ ಗೊತ್ತು. ಬೆಳಿಗ್ಗೆ ಇಂಡಿ ಪಂಪ್ ಸರ್ಕಲಿನ ಕಡೆ ನಾಲ್ಕು ಹೆಜ್ಜೆ ಇಟ್ಟರೆ ಪರಿಚಯದವನೊಬ್ಬ ಗಾಡಿ ನಿಲ್ಲಿಸುತ್ತಾನೆ. "ಯಾಕ್ರಿ ಫಕೀರಪ್ಪಣ್ಣ, ಬಸ್ ತಪ್ಪಿತೇನು? ಹತ್ರಿ." ಇಲ್ಲಪ್ಪ, ಸುಮ್ಮನೆ ಅಡ್ಡಾಡುತ್ತಿದ್ದೇನೆ ಎಂದರೆ, "ನಾವೇನು ಪರಕೀರೇನ್ರಿ?" ಎಂದು ಮುಖ ಸಣ್ಣದು ಮಾಡುತ್ತಾನೆ. ಹತ್ತಲೇಬೇಕು. ಮುಂದೆ ಇಳಿದು ಹೊಳ್ಳಿ ನಡೆಯುತ್ತ ಬಂದರೆ ಇನ್ನೊಬ್ಬ ಎದುರು ದಿಕ್ಕಿನಿಂದ ನಿಲ್ಲಿಸುತ್ತಾನೆ. ಕೊನೆಗೆ ಕೈಯಲ್ಲಿ ತಂಬಿಗೆ ಹಿಡಿದು ಹೊರಟೆ. ತಂಬಿಗೆ ಹಿಡಿದವನನ್ನು ಯಾವ ಮಗನೂ ಗಾಡಿಗೆ ಹತ್ತಿಸಿಕೊಳ್ಳುವುದಿಲ್ಲ.

ಎಣ್ಣೆ ಕಡಿಮೆ ಮಾಡಿದೆ. ಸಕ್ಕರೆ ಬಿಟ್ಟೆ. ಬಜಿಯ ಅಂಗಡಿಯ ಮುಂದೆ ಉಸಿರು ಬಿಗಿಹಿಡಿದು ದಾಟಿದೆ. ಅಂಗಡಿಯ ತೂಕದ ಯಂತ್ರದ ಮೇಲೆ ವಾರಕ್ಕೊಮ್ಮೆ ನಿಂತರೆ, ಬೂಸಾ ಒಯ್ಯಲು ಬಂದ ಗವಳಿಗರು ಕುಕ್ಕರಗಾಲಲ್ಲಿ ಕುಳಿತು ನೋಡುತ್ತಿದ್ದರು. "ಸಾವಕಾರ್ರ, ಈ ವಾರ ಮಾಲು ಎಷ್ಟು ಇಳೀತ್ರಿ?" ಅವರ ಎಮ್ಮೆ ಹಾಲು ಇಳಿಸಿದರೂ ಇಷ್ಟು ಕಾಳಜಿ ಮಾಡಿದವರಲ್ಲ.

ಅಂಗಿ ಸಡಿಲಾದವು. ಓಣಿ ಕೆಲಸಕ್ಕೆ ಹತ್ತಿತು. ರಾಜಬಿ ಒಂದು ಮಧ್ಯಾಹ್ನ ಬಂದು ಕಾಳವ್ವನ ಕೈ ಹಿಡಿದುಕೊಂಡಳು.

"ಭಾಭಿ, ಗಂಡಸು ಇಳಿಯಾಕ ಎರಡ ಕಾರಣ. ಒಂದು ಸಕ್ಕರಿ ಬೇನಿ."

"ಇನ್ನೊಂದು?"

"ಇನ್ನೊಂದು ನನ್ನ ಬಾಯಿಲೆ ಯಾಕ ಹೇಳಸ್ತೀರಿ? ಕಾಕಾ ಮುಂಜಾನೆ ಎದ್ದು ಒಬ್ಬರ ಎತ್ತಾಗ ಹೋಗ್ತಾರ, ವಿಚಾರ ಮಾಡ್ರಿ."

ಮರುದಿನ ಕಾಳವ್ವ ನನ್ನ ಅಂಗಿ ಮೂಸಿ ನೋಡಿದಳು. ಹಿಂಡಿಯ ವಾಸನೆ ಬಿಟ್ಟು ಏನೂ ಬರಲಿಲ್ಲ. ಹಿಂಡಿಯ ವಾಸನೆಯವನಿಗೆ ಇನ್ನೊಬ್ಬಳು ಸಿಗಲಾರಳೆಂದು ಅವಳಿಗೆ ಖಾತ್ರಿಯಾಯಿತು. ನನಗೆ ಸಮಾಧಾನವಾಯಿತು, ಸ್ವಲ್ಪ ಅವಮಾನವೂ ಆಯಿತು.

ಆದರೆ ಅವಳ ತಲೆಯಲ್ಲಿ ಹರಕೆ ಎದ್ದದ್ದು ಆಗಲೇ. ಅವಳ ಹೆದರಿಕೆ ನಾಟಕವಲ್ಲ. "ಅಜ್ಜ ಪೂರಾ ಮನಷ್ಯಾನ್ನ ಹೊಳ್ಳಿ ಕೊಟ್ಟಾನ. ನಾವು ಕಡಿಮಿ ತೂಗಿದ್ರ, ಕೊಟ್ಟಿದ್ದನ್ನ ಹೊಳ್ಳಿ ತಗೋತಾನ್ರಿ" ಎಂದು ಕಣ್ಣೀರು ತೆಗೆದಳು. ಇಳಿಸದಿದ್ದರೆ ಸಾಯುತ್ತೀ ಎಂದು ಡಾಕ್ಟರ್, ಇಳಿಸಿದರೆ ಸಾಯುತ್ತೀ ಎಂದು ಹೆಂಡತಿ. ನಡುವೆ ನಾನು ರೊಟ್ಟಿ ಹಿಡಿದು ಕುಳಿತಿದ್ದೆ. ಮೊದಲು ಹೇಳಿದ ಜಗಳ ಆದದ್ದು ಆ ದಿನವೇ. ಅಂದು ನಾನು ಎಂಬತ್ತಮೂರು ಕಿಲೋ ಇದ್ದೆ. ಶ್ರಾವಣಕ್ಕೆ ಒಂದು ತಿಂಗಳು ಉಳಿದಿತ್ತು.

ಕಾಳವ್ವ ತಮ್ಮನಿಗೆ ಫೋನು ಮಾಡಿಸಿದಳು. ಪರಮೇಶಿ ಮರುದಿನವೇ ಬಂದ. ಇವನು ಆ ಗದ್ದಿಗೆಯ ಕಮಿಟಿಯ ಸದಸ್ಯ. ಮುಂದಿನ ಸಲ ಅಧ್ಯಕ್ಷನಾಗುವ ಉಮೇದು ಇದ್ದದ್ದರಿಂದ ಮಡಿಕೆ ಮುರಿಯದ ಬಿಳಿ ಅಂಗಿ ಹಾಕಿ, ಗಂಟಲನ್ನು ಯಾವಾಗಲೂ ಮೈಕಿನ ಮುಂದಿರುವಂತೆ ಇಟ್ಟುಕೊಂಡಿದ್ದ. ಕೈಯಲ್ಲಿ ತುಪ್ಪದ ಡಬ್ಬಿ. ನನ್ನನ್ನು ನೋಡಿ ಹೊಸ್ತಿಲಲ್ಲೇ ನಿಂತ.

"ಮಾಮಾರ! ಇದೇನ್ರಿ ಅನ್ಯಾಯ! ನಾ ಊರಾಗ ಒಂದ್ ಕ್ವಿಂಟಲ್ ಅಂತ ಮೈಕಿನ್ಯಾಗ ಹೇಳೀನಿ!"

"ನನ್ನ ಕೇಳಿ ಹೇಳಿದ್ಯೇನಲೇ?"

"ಹ್ವಾದ ವರ್ಷ ನೋಡಿದ್ನೆಲ್ರಿ. ಕಣ್ಣಿಗೆ ಕ್ವಿಂಟಲ್ ಕಂಡ್ರಿ. ಒಂದ್ ಕ್ವಿಂಟಲ್ ಬೆಲ್ಲಕ್ಕ ಎಷ್ಟು ಬೇಕೋ ಅಷ್ಟು ಗೋಧಿ ಹಸನ ಮಾಡಿಸಿ ಇಟ್ಟೀವಿ. ಊರಿಗೂರ ಹುಗ್ಗಿ ಉಣ್ಣಾಕ ಬರತೈತಿ. ನೀವು ಹಿಂಗ ನಡುವ ಕರಗಿದ್ರ ನಾ ಮಾರಿ ಹೆಂಗ ತೋರಸ್ಲಿ?"

ಅಂದರೆ ಕಾಳವ್ವನಿಗೆ ನಾನು ಬೇಕಾಗಿದ್ದೆ. ಪರಮೇಶಿಗೆ ನನ್ನ ಕೊಬ್ಬಷ್ಟೇ ಬೇಕಾಗಿತ್ತು. ಅವನು ನಮ್ಮಲ್ಲೇ ಉಳಿದ. ಊಟಕ್ಕೆ ಕುಳಿತರೆ ಎದುರಿಗೆ ಕುಳಿತು ಅನ್ನದ ಮೇಲೆ ತುಪ್ಪ ಸುರಿಯುವನು. "ಉಣ್ರಿ ಮಾಮಾರ, ದೇವರ ಕೆಲಸ." ನಾನು ಅಂಗಡಿಗೆ ಹೋದರೆ ಹಿಂದಿನಿಂದ ಮಿರ್ಚಿ-ಬಜಿಯ ಪೊಟ್ಟಣ ಬರುವುದು. ತಂಬಿಗೆ ಹಿಡಿದು ಹೊರಟರೆ ತಂಬಿಗೆ ಕಸಿದುಕೊಳ್ಳುವನು. ಒಂದು ದಿನ ಸಿಟ್ಟು ನೆತ್ತಿಗೇರಿ ತಾಟನ್ನು ಅಂಗಳಕ್ಕೆ ಒಗೆದೆ. ರಾಜಬಿಯ ಕೋಳಿಗಳು ತುಪ್ಪದ ಅನ್ನ ತಿಂದು ಆ ವಾರವೆಲ್ಲ ನಮ್ಮ ಬಾಗಿಲು ಬಿಟ್ಟು ಕದಲಲಿಲ್ಲ.

ಕೊನೆಗೆ ಡಾಕ್ಟರ್ ಮುಂದೆಯೇ ತೀರ್ಮಾನವಾಗಲಿ ಎಂದು ಮೂವರೂ ಬಸ್ಸು ಹತ್ತಿ ಅವಳ ದವಾಖಾನೆಗೆ ಹೋದೆವು. ಪರಮೇಶಿ ಕೈಜೋಡಿಸಿ ನಿಂತ.

"ಡಾಕ್ಟರ್ ಬಾಯಾರ, ಒಂದ್ ತಿಂಗಳ ಮಟ್ಟಿಗೆ ಪರವಾನಿಗಿ ಕೊಡ್ರಿ. ಏರಸ್ತೀವಿ, ತೂಗಸ್ತೀವಿ, ಆಮ್ಯಾಲ ನೀವು ಎಷ್ಟರ ಇಳಸ್ಕೋರಿ."

"ತಿಂಗಳದಾಗ ಹದಿನೇಳು ಕಿಲೋ ಏರಸಾಕ ಇವರೇನು ಹಬ್ಬಕ್ಕ ಕಟ್ಟಿದ ಟಗರೇನ್ರಿ?" ಡಾಕ್ಟರಿಗೆ ಸಿಟ್ಟು ಬಂದಿತ್ತು. "ಇವರ ನಂಬರು ಈಗ ಇಪ್ಪತ್ತೊಂಬತ್ತರ ಮ್ಯಾಲೆ ಐತಿ. ಇನ್ನೂ ಹೆಚ್ಚ. ಆದ್ರ ರಕ್ತದೊತ್ತಡ ಇಳದೈತಿ, ಸಕ್ಕರಿ ಹಿಂದ ಸರದೈತಿ. ನೀವೂ ಒಂದ್ಸಲ ತೂಕದ ಮ್ಯಾಲ ನಿಂದರ್ರಿ ನೋಡೂಣು. ಕೈಕಾಲು ಸಣ್ಣು, ಹೊಟ್ಟಿ ಮುಂದ ಬಂದೈತಿ."

"ನನಗ್ಯಾಕ್ರಿ? ನಾ ಕಮಿಟಿಯಾಂವ" ಎಂದು ಪರಮೇಶಿ ಎರಡು ಹೆಜ್ಜೆ ಹಿಂದೆ ಸರಿದ.

ಕಾಳವ್ವ ಅಲ್ಲಿಯ ತನಕ ಸೆರಗು ಬಾಯಿಗೆ ಹಿಡಿದು ನಿಂತಿದ್ದವಳು ಮುಂದೆ ಬಂದಳು. "ಯವ್ವಾ, ಬ್ಯಾರೆ ಏನೂ ಬ್ಯಾಡ. ಇವರು ಉಳೀತಾರೋ ಇಲ್ಲೋ ಅಷ್ಟ ಹೇಳು."

"ಹಿಂಗ ಸಾವಕಾಶ ಇಳಿಸ್ಕೋತ ಹ್ವಾದ್ರ ಛಲೋ ಇರ್ತಾರವಾ."

ಕಾಳವ್ವ ಮನೆಗೆ ಬಂದು ಒಲೆ ಹೊತ್ತಿಸಿ, "ಆಕಿ ಹೇಳಿದ್ದು ಖರೇ ಇರಬಹುದ್ರಿ. ಆದ್ರ ಅಜ್ಜಗ ಮಾತು ಕೊಟ್ಟಾಕಿ ನಾನು" ಎಂದಳು. ಆದರೂ ಅಂದಿನಿಂದ ತುಪ್ಪದ ಡಬ್ಬಿ ಅಟ್ಟ ಸೇರಿತು.

ಶ್ರಾವಣ ಸೋಮವಾರ ಬಂತು. ಗದ್ದಿಗೆಯ ಮುಂದೆ ತೊಲೆಗೆ ದೊಡ್ಡ ತಕ್ಕಡಿ ಕಟ್ಟಿದ್ದರು. ಒಂದು ಕಡೆ ಬೆಲ್ಲದ ಪೆಂಟಿಗಳನ್ನು ಗೋಪುರದಂತೆ ಒಟ್ಟಿದ್ದರು. ಒಂದೊಂದು ಪೆಂಟಿ ಹತ್ತು ಕಿಲೋದ ಮೇಲೆ. ಆಚೆ ಒಲೆಯ ಮೇಲೆ ಎತ್ತು ಈಜಾಡುವಷ್ಟು ದೊಡ್ಡ ಕೊಪ್ಪರಿಗೆಯಲ್ಲಿ ಗೋಧಿ ಕುದಿಯುತ್ತಿತ್ತು. ಬ್ಯಾಂಡು ಇತ್ತು. ನನ್ನ ಕೊರಳಿಗೆ ಹಾರ ಹಾಕಿ, ತಕ್ಕಡಿಯ ತಟ್ಟೆಯ ಮೇಲೆ ಕೂರಿಸಿದರು. ಪೂಜಾರಿ ಮಂತ್ರ ಹೇಳಿದ. ಎದುರು ತಟ್ಟೆಗೆ ಪೆಂಟಿ ಹೇರಿದರು. ಎಂಟನೆಯ ಪೆಂಟಿಗೆ ನನ್ನ ಕಾಲು ನೆಲ ಬಿಟ್ಟಿತು. ತಕ್ಕಡಿ ಹೆಚ್ಚುಕಡಿಮೆ ಸಮನಾಯಿತು. ಬ್ಯಾಂಡಿನವರು ಜೋರು ಮಾಡಿದರು.

"ಬಂದ್ ಮಾಡ್ರಲೇ ಬ್ಯಾಂಡ!"

ಕೂಗಿದವನು ಕಮಿಟಿಯ ಅಧ್ಯಕ್ಷ ಯಂಕಣ್ಣ. ದನದ ಸಂತೆಯಲ್ಲಿ ದಲಾಲಿ ಮಾಡಿ ಮುದುಕನಾದವನು. ಅವನು ಉಳಿದ ಬೆಲ್ಲವನ್ನೂ ನನ್ನನ್ನೂ ಪರಮೇಶಿಯನ್ನೂ ಪಾಳಿ ಪ್ರಕಾರ ನೋಡಿದ.

"ಏನಲೇ ಪರಮೇಶಿ, ಕ್ವಿಂಟಲ್ ಅಂದಿದ್ದಿ. ಇದು ಎಂಬತ್ತ ಚಿಲ್ಲರಕ್ಕ ನಿಂತೈತಲ್ಲ. ಊರಿಗೆ ಸಪ್ಪನ ಹುಗ್ಗಿ ಉಣಸ್ತೀಯೇನು?"

"ತೂಕ ಹರಕಿ ಹೊತ್ತ ದಿವಸದ್ದು ಹಿಡೀಬೇಕ್ರಿ ಯಂಕಣ್ಣಾರ" ಎಂದ ಪರಮೇಶಿ.

ನಾನು ತಟ್ಟೆಯಲ್ಲಿ ತೂಗಾಡುತ್ತಲೇ ಒದರಿದೆ. "ಹರಕಿ ಹೊತ್ತ ದಿವಸ ನಾ ಜ್ವರದಾಗ ಮಕ್ಕೊಂಡಿದ್ದೆ. ಯಾವ ಮಗ ತೂಗ್ಯಾನ ನನ್ನ?"

ಕಾಯಿದೆಯ ಪ್ರಶ್ನೆ ಎದ್ದಿತ್ತು. ಒಬ್ಬ ಬೇನೆಗಿಂತ ಮೊದಲಿನ ತೂಕ ಎಂದ. ಇನ್ನೊಬ್ಬ ಮದುವೆಯ ದಿವಸದ ತೂಕ ಎಂದ. ನನ್ನ ಮದುವೆಯಲ್ಲಿ ಉಂಡಿದ್ದ ಮುದುಕನೊಬ್ಬ, "ಆಗ ಭಾಳ ಸಣಕಲ ಇದ್ದ, ಲುಕ್ಸಾನ ಆಗತೈತಿ" ಎಂದು ಅದನ್ನು ಕಡಿದ. ಯಂಕಣ್ಣ ಬೇಸತ್ತು ಹೆಗಲ ಮೇಲಿನ ಟವೆಲ್ಲು ತೆಗೆದು ತನ್ನ ಕೈಯ ಮೇಲೂ ಪರಮೇಶಿಯ ಕೈಯ ಮೇಲೂ ಹಾಕಿದ.

ದನದ ಸಂತೆ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹೋರಿಯ ಬೆಲೆ ಮುರಿದು ಗೊತ್ತುಮಾಡುತ್ತಾರೆ. ಹೊರಗಿನವರಿಗೆ ಗುಟ್ಟು ತಿಳಿಯುವುದಿಲ್ಲ. ಅಲ್ಲಿ, ದೇವರ ಎದುರು, ಹಾರ ಹಾಕಿಕೊಂಡು ಕುಳಿತ ನನ್ನ ವ್ಯಾಪಾರ ನಡೆಯಿತು. ಪರಮೇಶಿ ಬೆರಳು ಒತ್ತಿದ. ಯಂಕಣ್ಣ "ಊಹೂಂ" ಎಂದು ಕಿತ್ತುಕೊಂಡ. ಮತ್ತೆ ಹಿಡಿದರು. ಒಬ್ಬ ರೈತ ಬಂದು ನನ್ನ ತೊಡೆ ಹಿಚುಕಿ ನೋಡಿ, "ಹೆಚ್ಚಿಗಿ ಹೇಳಾಕತ್ತೀರಿ, ಮಾಲು ಮೆತ್ತಗೈತಿ" ಎಂದ. ಹಿಂದಿನಿಂದ ಯಾರೋ, "ಹಲ್ಲು ನೋಡ್ರಲೇ, ಹಲ್ಲು!" ಎಂದರು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಏ, ನಾ ಎತ್ತೇನ್ರಲೇ? ಇಳಸ್ರಿ ನನ್ನ!" ಇಳಿಯಲು ಹೋದರೆ ತಟ್ಟೆ ಜೋಲಿ ಹೊಡೆದು ಮತ್ತೆ ಒಳಗೇ ಕುಕ್ಕರಿಸಿದೆ.

"ತೊಂಬತ್ತೆರಡು ಕಿಲೋಕ್ಕ ಮುರೀತು" ಎಂದು ಯಂಕಣ್ಣ ಟವೆಲ್ಲು ಝಾಡಿಸಿದ. ಪರಮೇಶಿ ಇನ್ನೊಂದು ಪೆಂಟಿ ತಂದು ಬೆಲ್ಲದ ಮೇಲೆ ಇಟ್ಟ. ನಾನು ಮೇಲೆ ಹೋದೆ. ತಕ್ಕಡಿ ಸಮನಾಗದಿದ್ದರೆ ತುಲಾಭಾರವಾಗುವುದಿಲ್ಲವಲ್ಲ. ಅವನು ಬಾವಿಯ ಕಟ್ಟೆಯಿಂದ ಎರಡು ಕಲ್ಲು ಎತ್ತಿ ತಂದು ನನ್ನ ತೊಡೆಯ ಮೇಲೆ ಇಟ್ಟ. "ಹಿಡಕೋರಿ ಮಾಮಾರ, ಒಂದ್ ಕ್ಷಣ. ದೇವರ ಕೆಲಸ." ತಕ್ಕಡಿ ಸಮನಾಯಿತು. ಪೂಜಾರಿ ಆರತಿ ಎತ್ತಿದ.

"ತಡೀರಿ."

ಕಾಳವ್ವ ಮುಂದೆ ಬಂದಳು. ನನ್ನ ತೊಡೆಯ ಮೇಲಿನ ಕಲ್ಲುಗಳನ್ನು ನೋಡಿದಳು. ಈ ಹರಕೆಗಾಗಿ ನನ್ನ ಜೊತೆ ಬಡಿದಾಡಿದವಳು ಅವಳೇ. ಇನ್ನೆರಡು ಕಲ್ಲು ತರುತ್ತಾಳೆಂದೇ ನಾನು ತಿಳಿದೆ.

"ಇದೇನೋ ಪರಮೇಶಿ?"

"ಕಡಿಮಿ ಬಿದ್ದಿತ್ತಲ್ಲ ಯಕ್ಕಾ, ಸರಿ ಮಾಡೀನಿ."

"ಕಲ್ಲು ಬದಕಲಿ ಅಂತ ಬೇಡ್ಕೊಂಡಿದ್ನೇನೋ ನಾ? ಕಲ್ಲಿಗೆ ಜ್ವರ ಬಂದಿತ್ತೇನು?"

"ಯಕ್ಕಾ, ಮಂದಿ ನೋಡಾಕತ್ತಾರ—"

"ನೋಡ್ಲಿ. ಮಾತು ಕೊಟ್ಟಾಕಿ ನಾನು. ನನ್ನ ಗಂಡನ್ನ ಟವಲ್ ಕೆಳಗ ಮಾರಾಕ ನೀವ್ಯಾರಲೇ?"

ಒಂದು ಕಲ್ಲು ಎತ್ತಿ ನೆಲಕ್ಕೆ ಒಗೆದಳು. ಯಂಕಣ್ಣ ಕಾಲು ಹಿಂದಕ್ಕೆಳೆದುಕೊಂಡ. ಎರಡನೆಯದನ್ನೂ ಒಗೆದಳು. ನಾನು ಗಕ್ಕನೆ ಮೇಲೆ ಹಾರಿ ಸರಪಳಿ ಹಿಡಿದುಕೊಂಡೆ. ಅವಳು ಆಚೆ ಹೋಗಿ, ಮೇಲಿನ ಪೆಂಟಿಯನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗಿಟ್ಟು, ಅದರಲ್ಲೇ ಒಂದು ಚೂರು ಒಡೆದು ಮೇಲಿಟ್ಟಳು. ಮುಳ್ಳು ನೆಟ್ಟಗೆ ನಿಂತಿತು. ಕಾಳವ್ವ ಗದ್ದಿಗೆಯ ಕಡೆ ತಿರುಗಿ ಕೈಮುಗಿದಳು.

"ಅಜ್ಜಾ, ಇಷ್ಟು ಉಳಿಸಿಕೊಟ್ಟಿ. ಇಷ್ಟು ತಗೋ."

ಪೂಜಾರಿ ಕಮಿಟಿಯ ಮುಖ ನೋಡದೆ ಆರತಿ ಬೆಳಗಿಬಿಟ್ಟ. ಅಡುಗೆಯವನು ಕೊಪ್ಪರಿಗೆಯ ಹತ್ತಿರದಿಂದ, "ಹುಗ್ಗಿಗೆ ಹೆಂಗ್ರೀ ಹಂಗಾರ?" ಎಂದು ಕೂಗಿದ. ಯಂಕಣ್ಣ ಪರಮೇಶಿಯ ಕಡೆ ಬೆರಳು ಮಾಡಿ, "ಅಲ್ಲಿ ನಿಂತಾರ ನೋಡು ಮುಂದಿನ ಅಧ್ಯಕ್ಷರು, ಕೇಳು" ಎಂದ. ಊರು ಮತ್ತೊಮ್ಮೆ ನಕ್ಕಿತು. ಈ ಸಲ ನನ್ನನ್ನು ನೋಡಿ ಅಲ್ಲ.

ಪರಮೇಶಿಯ ಬಿಳಿ ಅಂಗಿಗೆ ಬೆಲ್ಲ ಮೆತ್ತಿತ್ತು. "ಯಕ್ಕಾ, ಊರ ಮುಂದ ನನ್ನ ಮರ್ಯಾದಿ ತಗದಿ" ಎಂದ. ಮೈಕಿನ ಧ್ವನಿ ಇರಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಹೊರಟ.

"ಏ ಪರಮೇಶಿ, ಉಂಡು ಹೋಗೋ!" ಎಂದು ಕಾಳವ್ವ ಕೂಗಿದಳು.

ಅವನು ತಿರುಗಿ ನೋಡಲಿಲ್ಲ. ಬಾಗಿಲಲ್ಲಿ ಬಿಟ್ಟ ಚಪ್ಪಲಿಯನ್ನೂ ಮೆಟ್ಟದೆ ಬರಿಗಾಲಲ್ಲಿ ಹೋದ. ಊರು ಹುಗ್ಗಿ ಉಂಡು ಕೈ ತೊಳೆಯುವ ತನಕ ಕಾಳವ್ವ ಅವನ ಪಾಲಿನ ತಾಟು ಮುಚ್ಚಿಟ್ಟುಕೊಂಡು ಕಾದಳು. ಅವನು ಬರಲಿಲ್ಲ.